ಗುಲಾಬಿ ಬತ್ತಿಯ ಭಾನುವಾರ

ಡಿಸೆಂಬರ್ ಬಂತೆಂದರೆ ಕ್ರಿಸ್ತಜಯಂತಿಗೆಂದು ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವುದು, ಅಟ್ಟದ ಮೇಲಿನ ನಕ್ಷತ್ರ ಇಳಿಸಿ ಬಲ್ಬು ಹಾಕುವುದು, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ಹುಲ್ಲು ಹೊಂದಿಸುವುದು, ಮನೆಮನೆಗೆ ಹಾಡಲು ಬರುವ ತಂಡಕ್ಕೆ ಕಾಫಿ ಮಾಡುವುದು. ಇಷ್ಟನ್ನೂ ಮುಗಿಸಿ 24ರ ನಡುರಾತ್ರಿ ಪೂಜೆಗೆ ಹೋಗಿ ಕುಳಿತರೆ ನನಗೆ ಕಣ್ಣು ಎಳೆಯುತ್ತಿತ್ತು. ಬಾಲಯೇಸುವಿನ ಸ್ವರೂಪವನ್ನು ಗೋದಲಿಯಲ್ಲಿ ಮಲಗಿಸುವಾಗ ಸುತ್ತಲಿನವರೆಲ್ಲ ಹಾಡುತ್ತಿದ್ದರೆ ನಾನು ಮರುದಿನದ ಅಡುಗೆಯ ಲೆಕ್ಕ ಹಾಕುತ್ತಿದ್ದೆ. ಹಬ್ಬ ಬರುತ್ತಿತ್ತು, ಹೋಗುತ್ತಿತ್ತು, ಸಂತೋಷ ಮಾತ್ರ ಬರುತ್ತಿರಲಿಲ್ಲ. ಇದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಪಾಪನಿವೇದನೆಯಲ್ಲೂ ಹೇಳಿರಲಿಲ್ಲ, ಇದು ಪಾಪವೋ ದಣಿವೋ ಎಂಬುದೇ ನನಗೆ ತಿಳಿದಿರಲಿಲ್ಲ.

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲವೇ ಆಗಮನ ಕಾಲ. 2022ರಲ್ಲಿ ಅದರ ಮೂರನೇ ಭಾನುವಾರ, ಪೂಜೆಯಲ್ಲಿ ಬೈಬಲಿನಿಂದ ಓದುವ ಎರಡನೇ ವಾಚನ ನನ್ನ ಪಾಲಿಗೆ ಬಂತು. ಅಂದು ಡಿಸೆಂಬರ್ 11. ಆಗಮನ ಕಾಲದ ಉಳಿದ ಭಾನುವಾರಗಳಲ್ಲಿ ಗುರುಗಳು ನೇರಳೆ ಪೂಜಾವಸ್ತ್ರ ತೊಡುತ್ತಾರೆ, ಆ ಒಂದು ಭಾನುವಾರ ಮಾತ್ರ ಗುಲಾಬಿ. ಲತೀನಿನಲ್ಲಿ ಅದಕ್ಕೆ ‘ಗೌದೇತೆ’ ಭಾನುವಾರ ಎಂದು ಹೆಸರು. ‘ಸಂತೋಷಿಸಿರಿ’ ಎಂದು ಅರ್ಥ. ಸಂತ ಪೌಲರು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಮಾತು ಅದು, ಬರೆದದ್ದು ಸೆರೆಯಲ್ಲಿದ್ದುಕೊಂಡು.

ನನ್ನ ವಾಚನ ಯಕೋಬರ ಪತ್ರದ ಐದನೇ ಅಧ್ಯಾಯದ್ದು. ಬೇಸಾಯಗಾರನನ್ನು ನೋಡಿರಿ, ಅವನು ಮುಂಗಾರು ಹಿಂಗಾರು ಮಳೆಗಾಗಿ ತಾಳ್ಮೆಯಿಂದ ಕಾಯುತ್ತಾನೆ ಎನ್ನುವ ಭಾಗ. ಶನಿವಾರ ಸಂಜೆ ಅದನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದಾಗ ಕಿಟಕಿಯ ಹೊರಗೆ ಸೋನೆ ಹಿಡಿದಿತ್ತು. ಹಿಂದಿನ ರಾತ್ರಿಯಷ್ಟೇ ಮ್ಯಾಂಡಸ್ ಚಂಡಮಾರುತ ಮಾಮಲ್ಲಪುರದ ಹತ್ತಿರ ದಡ ದಾಟಿತ್ತು, ಬೆಂಗಳೂರು ಥಂಡಿಯಲ್ಲಿ ನಡುಗುತ್ತಿತ್ತು. ಊರಿನಲ್ಲಿ ಅಪ್ಪ ರಾಗಿ ಕೊಯ್ಸಿ ಹೊಲದಲ್ಲೇ ಅರಿ ಹಾಕಿಸಿದ್ದರು. ಇನ್ನು ನಾಲ್ಕು ದಿನ ಬಿಸಿಲು ಸಿಕ್ಕಿದ್ದರೆ ಅದು ಮೆದೆ ಸೇರುತ್ತಿತ್ತು. ಬೇಡದ ಹೊತ್ತಿನಲ್ಲಿ ಮಳೆ ಬಂದು ತೆನೆಯೆಲ್ಲ ನೆನೆಯುತ್ತಿರುವಾಗ, ಮಳೆಗಾಗಿ ಕಾಯುವ ಬೇಸಾಯಗಾರನ ಮಾತನ್ನು ನಾನು ಪೀಠದ ಮುಂದೆ ನಿಂತು ಓದುವುದು ಹೇಗೆ? ಫೋನ್ ಮಾಡಿ ಅಪ್ಪನನ್ನೇ ಕೇಳಿದೆ.

“ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ ಕಣಮ್ಮ” ಎಂದರು. “ಬೆಳಿಗ್ಗೆಯಿಂದ ಅರಿ ಮಗುಚುತ್ತಿದ್ದೇವೆ. ನೆಲಕ್ಕೆ ತಾಗಿದ್ದು ಮೊಳೆಯುತ್ತದೆ, ಮೇಲಿನದಕ್ಕೆ ಗಾಳಿಯಾಡಿದರೆ ಉಳಿಯುತ್ತದೆ. ನೀನು ಓದು.”

ಮರುದಿನ ‘ಹಿಂಗಾರು’ ಎನ್ನುವಲ್ಲಿ ನನ್ನ ದನಿ ನಿಂತುಬಿಟ್ಟಿತು. ಸುಧಾರಿಸಿಕೊಂಡು ಮುಗಿಸಿ ಬಂದು ಕುಳಿತೆ. ಆಮೇಲೆ ಓದಿದ ಶುಭಸಂದೇಶವನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಿವಿಗೊಟ್ಟು ಕೇಳಿದೆನೆಂದು ತೋರುತ್ತದೆ. ಅಲ್ಲಿಯೂ ಒಬ್ಬರು ಸೆರೆಮನೆಯಲ್ಲಿದ್ದಾರೆ, ಯೇಸುವಿನ ಬರವನ್ನು ಮೊದಲೇ ಸಾರಿದ ಸ್ನಾನಿಕ ಯೊವಾನ್ನರು. ಬರಬೇಕಾದವರು ನೀವೇಯೋ, ನಾವು ಬೇರೊಬ್ಬರಿಗಾಗಿ ಕಾಯಬೇಕೋ ಎಂದು ಶಿಷ್ಯರ ಮೂಲಕ ಯೇಸುವನ್ನು ಕೇಳಿಸುತ್ತಾರೆ. ಸಂತೋಷದ ಭಾನುವಾರದಂದು ಧರ್ಮಸಭೆ ನಮ್ಮ ಮುಂದಿಡುವುದು ಸಂದೇಹಪಡುವ ಒಬ್ಬ ಸೆರೆಯಾಳನ್ನು! ಯೇಸು ಆ ಪ್ರಶ್ನೆಗೆ ಹೌದು ಎಂದೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ನೀವು ಕೇಳುತ್ತಿರುವುದನ್ನು, ಕಾಣುತ್ತಿರುವುದನ್ನು ಹೋಗಿ ಯೊವಾನ್ನನಿಗೆ ತಿಳಿಸಿರಿ ಎನ್ನುತ್ತಾರೆ.

ಆ ಮಾತನ್ನು ಆ ಸಂಜೆಯೇ ಮನೆಯಲ್ಲಿ ಹಿಡಿದುಕೊಂಡೆವು. ಊಟಕ್ಕೆ ಮುಂಚೆ ಆಗಮನ ಕಾಲದ ಮೇಣದ ಬತ್ತಿ ಹಚ್ಚಿ, ಪ್ರತಿಯೊಬ್ಬರೂ ಆ ದಿನ ಕೇಳಿದ್ದು ಒಂದು, ಕಂಡದ್ದು ಒಂದು ಹೇಳಬೇಕು. ಯಾರೂ ವಿವರಿಸಬಾರದು, ಉಪದೇಶ ಮಾಡಬಾರದು. ಮೊದಲ ಎರಡು ದಿನ ಬಾಯಿ ಬರಲಿಲ್ಲ. ಮೂರನೆಯ ದಿನ ಮಗ, ಬಸ್ ನಿಲ್ದಾಣದಲ್ಲಿ ಹೂವಿನಜ್ಜಿ ಉಳಿದ ಮಲ್ಲಿಗೆಯನ್ನು ಕಸ ಗುಡಿಸುವವರಿಗೆ ಕೊಟ್ಟದ್ದನ್ನು ಕಂಡೆ ಎಂದ. ನನ್ನ ಮನಸ್ಸಿನಲ್ಲಿ ಏನೋ ಸಡಿಲಗೊಂಡಿತು. ಸಂಜೆ ಹೇಳಬೇಕಲ್ಲ ಎಂದು ನಾನೂ ಹಗಲೆಲ್ಲ ಕಣ್ಣು ತೆರೆದುಕೊಂಡು ತಿರುಗತೊಡಗಿದೆ. ಹುಡುಕುತ್ತಾ ಹೋದಂತೆ ಸಿಗುತ್ತಾ ಹೋಯಿತು. ನನಗೆ ಸಂತೋಷ ಬಂದದ್ದು ಹೀಗೆ, ಸದ್ದಿಲ್ಲದೆ. 24ರವರೆಗೆ ಅದು ಕಾಯಲಿಲ್ಲ.

ಭಾನುವಾರಕ್ಕೊಂದರಂತೆ ನಾಲ್ಕು ಬತ್ತಿಗಳನ್ನಿಡುವ ಈ ಹಸಿರು ಬಳೆ ನಮ್ಮಲ್ಲಿ ಹಳೆಯ ಪದ್ಧತಿಯೇನಲ್ಲ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಯೊಹಾನ್ ಹಿನ್ರಿಖ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ತಾನು ಸಾಕುತ್ತಿದ್ದ ಬಡ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ಬತ್ತಿಗಳನ್ನಿಟ್ಟದ್ದು ಅದರ ಮೊದಲು. ಹಬ್ಬ ಯಾವಾಗ ಎಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. ನಾನು ಸರ್ವೆ ಮರದ ರೆಂಬೆ ಬಾಗಿಸಿ ತಟ್ಟೆಯ ಸುತ್ತ ಕಟ್ಟಿದೆ. ನೇರಳೆ ಬತ್ತಿ ಅಂಗಡಿಯಲ್ಲಿ ಸಿಗದೆ, ಬಿಳಿ ಬತ್ತಿಗಳಿಗೆ ಮೂರು ನೇರಳೆ ರಿಬ್ಬನ್, ಒಂದು ಗುಲಾಬಿ ರಿಬ್ಬನ್ ಸುತ್ತಿದೆ. ಸರ್ವೆ ಬೇಗ ಒಣಗಿ ಬೆಂಕಿ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ಬದಲಿಸುವುದು ಕ್ಷೇಮ.

ನನಗೆ ಕಷ್ಟವಾದದ್ದು ಬಿಟ್ಟುಬಿಡುವ ಕೆಲಸ. ಆಗಮನ ಕಾಲದ ಭಾನುವಾರಗಳಲ್ಲಿ ದೇವಾಲಯದಲ್ಲಿ ಮಹಿಮೆಯ ಗೀತೆ ಹಾಡುವುದಿಲ್ಲ, ಅದನ್ನು ಕ್ರಿಸ್ತಜಯಂತಿಯ ರಾತ್ರಿಗೆಂದು ಎತ್ತಿಡುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಿಂತುಹೋಗುವ ಅಲ್ಲೆಲೂಯ ಎಂಬ ಜಯಘೋಷ ಮಾತ್ರ ಈಗ ನಿಲ್ಲುವುದಿಲ್ಲ. ಇದು ಅಳುವ ಕಾಲವಲ್ಲ, ಹಾಗೆಂದು ಹಬ್ಬವೂ ಇನ್ನೂ ಆಗಿಲ್ಲ. ಈ ಲಯವನ್ನೇ ಮನೆಗೆ ತಂದೆ. ನಕ್ಷತ್ರವನ್ನು 1ನೇ ತಾರೀಖಿನ ಬದಲು 24ರ ಸಂಜೆ ಬೆಳಗುವುದೆಂದು ಮಾಡಿದೆ. ಆರು ಬಗೆಯ ತಿಂಡಿಯನ್ನು ಎರಡಕ್ಕೆ ಇಳಿಸಿದೆ. ನಾದಿನಿಗೆ ಬೇಸರವಾಯಿತು, ನೆರೆಯವರು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು. ಆದರೂ ಬಿಡುವಾದ ಸಂಜೆಗಳು ನನಗೆ ಬೇಕಿದ್ದವು.

ಡಿಸೆಂಬರ್ 17ರಿಂದ 23ರವರೆಗಿನ ಏಳು ಸಂಜೆಗಳಲ್ಲಿ, ಮರಿಯಮ್ಮನವರ ಸ್ತುತಿಗೀತೆಗೆ ಮುಂಚೆ ಧರ್ಮಸಭೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಹಾಡುತ್ತಾ ಬಂದಿರುವ ಏಳು ಕರೆಗಳಿವೆ. ಓ ಜ್ಞಾನವೇ, ಓ ದಾವೀದನ ಕೀಲಿಕೈಯೇ, ಓ ಇಮ್ಮಾನುವೇಲನೇ ಎಂದು ಪ್ರತಿದಿನ ಒಂದೊಂದು ಹೆಸರು ಹಿಡಿದು, ಬಾ ಎಂದು ಕರೆಯುತ್ತವೆ. ಅದನ್ನೂ ದೀಪದ ಹೊತ್ತಿಗೆ ಸೇರಿಸಿಕೊಂಡೆವು. ಐದನೆಯದು, 21ರದ್ದು, ‘ಓ ಉದಯವೇ’. ನಮ್ಮ ಭೂಗೋಳಾರ್ಧದಲ್ಲಿ ಹಗಲು ಅತಿ ಕಿರಿದಾಗುವುದು ಆ ಹೊತ್ತಿನಲ್ಲೇ. ಕತ್ತಲಲ್ಲಿರುವವರ ಮೇಲೆ ಬೆಳಗು ಎಂದು ಅಂದು ಹೇಳಿಕೊಂಡಾಗ ನನಗೆ ಮೈ ಜುಮ್ಮೆಂದಿತು.

ಅದೇ ಸಂಜೆ ಅಪ್ಪನ ಫೋನ್ ಬಂತು. ಒಕ್ಕಣೆ ಮುಗಿದಿತ್ತು. ಹುಲ್ಲು ಕಪ್ಪಾಗಿದೆ, ದನಗಳು ಮೂಸಿ ಬಿಡುತ್ತಿವೆ, ರಾಗಿ ಅರ್ಧಕ್ಕೆ ಅರ್ಧ ಹೋಯಿತು ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಐದು ಸೇರು ತೆಗೆದಿಟ್ಟಿದ್ದೇನೆ ಎಂದರು. ನಾನು ಬತ್ತಿಯ ಮುಂದೆ ಕುಳಿತು ಆ ದಿನ ಕೇಳಿದ್ದೆಂದು ಅದನ್ನೇ ಹೇಳಿದೆ.

ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 2025ರ ಡಿಸೆಂಬರ್ 14ರಂದು ಯಕೋಬರ ಅದೇ ಭಾಗ ಮತ್ತೆ ಬಂದಾಗ, ಗುರುಗಳ ಬಳಿ ಕೇಳಿ ನಾನೇ ಓದಿದೆ. ಅಪ್ಪ ಊರಿನಿಂದ ಬಂದು ಮೂರನೇ ಸಾಲಿನಲ್ಲಿ ಕುಳಿತಿದ್ದರು. ಸಂಜೆ ಗುಲಾಬಿ ರಿಬ್ಬನ್ನಿನ ಬತ್ತಿಯನ್ನು ಅವರ ಕೈಯಿಂದಲೇ ಹಚ್ಚಿಸಿದೆವು. ಸರದಿ ಬಂದಾಗ ಅವರು ಬಹಳ ಹೊತ್ತು ಯೋಚಿಸಿದರು.

“ಕೇಳಿದ್ದು, ನೀನು ನಿಲ್ಲಿಸದೆ ಓದಿದ್ದು” ಎಂದರು. “ಕಂಡದ್ದು, ಬರುವಾಗ ಬಸ್ಸಿನ ಕಿಟಕಿಯಿಂದ, ದಾರಿಯುದ್ದಕ್ಕೂ ಮೆದೆಗಳು.”