ಡಿಕ್ ಕೆರ್ ಲೇಡೀಸ್ ಚರಿತ್ರೆಯನ್ನು ಶಾಲೆಯ ಗೋಡೆಗೆ ಏರಿಸುವುದು ಹೇಗೆ

ತುಮಕೂರಿನ ಪ್ರೌಢಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡವಿದೆ, ಕ್ರೀಡಾಕೂಟದ ವಾರದಲ್ಲಿ ಗೋಡೆಗೆ ಏನಾದರೂ ಹಾಕಬೇಕು ಎನ್ನುವವರಿಗೆ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಡಿಕ್ ಕೆರ್ ಲೇಡೀಸ್ ಎಂಬ ಹೆಂಗಸರ ಫುಟ್‌ಬಾಲ್ ಕ್ಲಬ್ಬಿಗಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. 2 ಅಡಿ ಅಗಲ, 3 ಅಡಿ ಎತ್ತರದ 5 ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಸಾಕು. ಹತ್ತು ಮಾಡಿದರೆ ಮಕ್ಕಳು ನಾಲ್ಕನೆಯದರ ಹತ್ತಿರವೇ ಹಿಂದಿರುಗುತ್ತಾರೆ.

ಕ್ಲಬ್ಬು 1917ರಿಂದ 1965ರವರೆಗೆ ಇತ್ತು. ಹಾಗೆಂದು ಹತ್ತತ್ತು ವರ್ಷಕ್ಕೆ ಒಂದು ಬೋರ್ಡ್ ಅಂತ ಹಂಚಬೇಡಿ, ಸತ್ವವೆಲ್ಲ ಮೊದಲ ಐದು ವರ್ಷಗಳಲ್ಲೇ ಇದೆ. ಮೂರು ಬೋರ್ಡ್ ಅದಕ್ಕೇ ಹೋಗಲಿ.

ಮೊದಲನೆಯದು ಕಾರ್ಖಾನೆ. ಡಿಕ್ ಕೆರ್ ಒಬ್ಬ ಮನುಷ್ಯನ ಹೆಸರು ಎಂದು ಬರೆದುಬಿಡುವವರಿದ್ದಾರೆ. ಅದು ಡಿಕ್ ಮತ್ತು ಕೆರ್ ಎಂಬ ಇಬ್ಬರ ಹೆಸರಿನ ಕಂಪನಿ. ಟ್ರಾಮ್ ಗಾಡಿ ಮಾಡುತ್ತಿದ್ದ ಕಾರ್ಖಾನೆ ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕೆಲಸಕ್ಕೆ ತಿರುಗಿತು. ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಪಾಳಿಗೆ ಬಂದರು, ಬಿಡುವಿನಲ್ಲಿ ಅಂಗಳದಲ್ಲೇ ಚೆಂಡು ಒದ್ದರು. ಕಚೇರಿಯಲ್ಲಿದ್ದ ಆಲ್ಫ್ರೆಡ್ ಫ್ರಾಂಕ್ಲೆಂಡ್ ಮ್ಯಾನೇಜರ್ ಆದ. 1917ರ ಕ್ರಿಸ್‌ಮಸ್ ದಿನ ಡೀಪ್‌ಡೇಲ್ ಮೈದಾನದಲ್ಲಿ ಇನ್ನೊಂದು ಕಾರ್ಖಾನೆಯ ಹೆಂಗಸರ ವಿರುದ್ಧ 4–0 ಗೆಲುವು, ಸುಮಾರು 10,000 ಪ್ರೇಕ್ಷಕರು, ಬಂದ ಹಣ ಗಾಯಗೊಂಡ ಸೈನಿಕರ ಆಸ್ಪತ್ರೆಗೆ.

ಎರಡನೆಯದು ರಾತ್ರಿ ಪಂದ್ಯ, 1920ರ ಡಿಸೆಂಬರ್. ಸೈನ್ಯದ ಸರ್ಚ್‌ಲೈಟ್ ತರಿಸಿ ಬೆಳಕು ಮಾಡಿದರು, ಚೆಂಡು ಕಾಣಲೆಂದು ಬಿಳಿ ಬಳಿದರು. ಈ ಬೋರ್ಡಿನ ಕೆಳಗೆ ಒಂದು ಬಿಳಿ ಚೆಂಡು ಇಡಿ, ಮಕ್ಕಳು ನಿಲ್ಲುವುದು ಅಲ್ಲೇ. ಈಗಿನ ರೆಕ್ಸಿನ್ ಚೆಂಡಿಗೆ ಬರೀ ಸುಣ್ಣ ಹಿಡಿಯದು, ಒಣಗಿದ ಮೇಲೆ ಹಕ್ಕಳೆ ಏಳುತ್ತದೆ. ಹಳೆ ಚೆಂಡನ್ನು ಮರಳುಕಾಗದದಿಂದ ತಿಕ್ಕಿ, ಗಟ್ಟಿ ಸುಣ್ಣದ ನೀರಿಗೆ ಒಂದೆರಡು ಚಮಚ ಫೆವಿಕಾಲ್ ಬೆರೆಸಿ ಎರಡು ಸಲ ಬಳಿಯಿರಿ.

ಮೂರನೆಯದು ಅದೇ ತಿಂಗಳು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ ನಡೆದ ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮರುದಿನದ ರಜೆ) ಪಂದ್ಯ. ಒಳಗೆ 53,000 ಜನ, ಹೊರಗೆ ಇನ್ನೂ ಸಾವಿರಾರು, ಸಂಗ್ರಹ 3,115 ಪೌಂಡ್. ಇಲ್ಲಿ ಎರಡು ತಪ್ಪು ನುಸುಳುತ್ತವೆ. ಒಂದು, ದಿನಾಂಕ: ಎಲ್ಲ ಕಡೆ ಡಿಸೆಂಬರ್ 26 ಎಂದೇ ಇರುತ್ತದೆ, ಆದರೆ ಕ್ಯಾಲೆಂಡರ್ ತೆಗೆದು ನೋಡಿ, 1920ರಲ್ಲಿ ಅದು ಭಾನುವಾರ. ಭಾನುವಾರ ಇಂತಹ ಪಂದ್ಯ ಇಡುವ ರೂಢಿ ಆಗ ಅಲ್ಲಿರಲಿಲ್ಲ. ‘1920ರ ಬಾಕ್ಸಿಂಗ್ ಡೇ ಪಂದ್ಯ’ ಎಂದಷ್ಟೇ ಬರೆದರೆ ಕ್ಷೇಮ. ಎರಡು, ಪೌಂಡನ್ನು ಇವತ್ತಿನ ದರದಲ್ಲಿ ರೂಪಾಯಿಗೆ ಇಳಿಸಬೇಡಿ. ನೂರು ವರ್ಷದ ಬೆಲೆಯೇರಿಕೆ ಲೆಕ್ಕಕ್ಕೆ ಸಿಗದೆ ದೊಡ್ಡ ಮೊತ್ತ ಸಣ್ಣದಾಗಿ ಕಾಣುತ್ತದೆ.

ನಾಲ್ಕನೆಯದನ್ನು ಗೋಡೆಯ ನಟ್ಟನಡುವೆ ತೂಗುಹಾಕಿ, ಕ್ರಮ ಕೆಟ್ಟರೂ ಚಿಂತೆಯಿಲ್ಲ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನಿರ್ಣಯ ಮಾಡಿತು. ‘ಮಹಿಳೆಯರು ಆಡಬಾರದೆಂದು ಕಾನೂನು ಬಂತು’ ಎಂದು ಬರೆದರೆ ತಪ್ಪು. ಈ ಆಟ ಹೆಂಗಸರಿಗೆ ತಕ್ಕುದಲ್ಲ ಎಂದು ಹೇಳಿ, ತನ್ನ ಸದಸ್ಯ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಕೂಡದು ಎಂದಿತು. ದಾನದ ಹಣದ ಲೆಕ್ಕ ಸರಿಯಿಲ್ಲ ಎಂಬ ದೂರನ್ನೂ ಜೊತೆಗೆ ಸೇರಿಸಿತು. ಗ್ಯಾಲರಿ, ಗೇಟು, ಟಿಕೆಟ್ ಕೌಂಟರ್ ಎಲ್ಲ ಆ ಕ್ಲಬ್ಬುಗಳ ಕೈಯಲ್ಲೇ ಇದ್ದುದರಿಂದ ಇಷ್ಟೇ ಸಾಕಾಯಿತು. ಸಂಜೆ ಮೈದಾನ ಹುಡುಗರಿಗೆ, ಮಿಕ್ಕ ಮೂಲೆ ಹುಡುಗಿಯರಿಗೆ ಎಂಬ ಪದ್ಧತಿ ನಿಮ್ಮ ಶಾಲೆಯಲ್ಲೂ ಇದ್ದರೆ ಈ ಬೋರ್ಡಿಗೆ ವಿವರಣೆ ಬೇಕಾಗುವುದಿಲ್ಲ. ನಿರ್ಬಂಧ ಹೋದದ್ದು 1971ರಲ್ಲಿ. ಆ ಹೊತ್ತಿಗೆ ಕ್ಲಬ್ಬು ಮುಚ್ಚಿ ಆರು ವರ್ಷವಾಗಿತ್ತು.

ಐದನೆಯದರಲ್ಲಿ ಉಳಿದದ್ದು: 1922ರ ಪ್ರವಾಸ (ಕೆನಡಾದಲ್ಲಿ ಆಡಲು ಬಿಡಲಿಲ್ಲ, ಅಮೆರಿಕದಲ್ಲಿ ಗಂಡಸರ ತಂಡಗಳ ಜೊತೆ ಆಡಿದರು), 1926ರಲ್ಲಿ ಪ್ರೆಸ್ಟನ್ ಲೇಡೀಸ್ ಎಂದಾದ ಹೆಸರು, ಮತ್ತು ಲಿಲಿ ಪಾರ್. 1905ರಲ್ಲಿ ಹುಟ್ಟಿದ ಈಕೆ 1920ರಲ್ಲಿ ಸೇರಿ 1951ರವರೆಗೆ ಆಡಿದಳು, ನರ್ಸ್ ಕೆಲಸ ಮಾಡುತ್ತಲೇ. ಇವಳ ಗೋಲುಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಸಿಗುತ್ತದೆ, ಬೋರ್ಡಿಗೆ ಹಾಕಬೇಡಿ.

ಚಿತ್ರ ಆರಿಸುವಾಗ ಅಂಗಿ ನೋಡಿ: ಡಿಕ್ ಕೆರ್ ತಂಡದ್ದು ಕಪ್ಪು–ಬಿಳಿ ಉದ್ದಪಟ್ಟೆ, ತಲೆಗೆ ಪಟ್ಟೆಯದೇ ಟೋಪಿ. ಬೇರೆ ತಂಡದ ಫೋಟೋಗಳೂ ಇದೇ ಹೆಸರಿನಲ್ಲಿ ಓಡಾಡುತ್ತವೆ. 12 ಇಂಚು ಅಗಲಕ್ಕೆ ಮುದ್ರಿಸಲು ಕನಿಷ್ಠ 1,800 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಮುಖಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಬಹುಪಾಲು ಕೆಲಸ ಕೆಡುವುದು ಡಿಟಿಪಿ ಅಂಗಡಿಯಲ್ಲಿ. ನೀವು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಬಿ.ಎಚ್. ರಸ್ತೆಯಲ್ಲಾಗಲಿ ಇನ್ನೆಲ್ಲೇ ಆಗಲಿ ಅಂಗಡಿಯ ಕೋರೆಲ್‌ಡ್ರಾ ಹಳೆಯದಾದರೆ ‘ಪ್ರೆಸ್ಟನ್’ ‘ಪ್‌ರೆಸ್‌ಟನ್’ ಆಗಿ ಹೊರಬರುತ್ತದೆ. ನೀವೇ ಪಿಡಿಎಫ್ ಮಾಡಿ ಒಯ್ಯಿರಿ, ಇಲ್ಲವೇ ಅವರ ನುಡಿ ಫಾಂಟಿಗೆ ಪರಿವರ್ತಿಸಿ ಅಂಗಡಿಯಲ್ಲೇ ಕುಳಿತು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಒಂದು ಬೋರ್ಡಿಗೆ 80 ಪದ ಮೀರದಿರಲಿ, ಅಕ್ಷರ 32 ಪಾಯಿಂಟಿಗಿಂತ ಸಣ್ಣದಾಗದಿರಲಿ. ಫ್ಲೆಕ್ಸ್ ಅಗ್ಗ, ನಿಜ, ಆದರೆ ಕಿಟಕಿ ಎದುರು ಮಿರುಗಿ ಓದಲಾಗುವುದಿಲ್ಲ. 5 ಎಂಎಂ ಸನ್‌ಬೋರ್ಡಿಗೆ ಮ್ಯಾಟ್ ಲ್ಯಾಮಿನೇಶನ್ ಹೇಳಿ.

ಸುಣ್ಣ ಬಳಿದ ಗೋಡೆಗೆ ಡಬಲ್ ಟೇಪ್ ನಂಬಬೇಡಿ. ಸುಣ್ಣದ ಪುಡಿ ಟೇಪಿಗೆ ಅಂಟಿಕೊಂಡು, ಬೆಳಗಾಗುವಷ್ಟರಲ್ಲಿ ಬೋರ್ಡ್ ನೆಲದಲ್ಲಿರುತ್ತದೆ. ಮೇಲಿನ ಎರಡು ಮೂಲೆಗೆ ತೂತು ಹಾಕಿ, ಹರಿಯದಂತೆ ಐಲೆಟ್ (ತೂತಿನ ಸುತ್ತ ಕೂರುವ ಲೋಹದ ಬಳೆ) ಕೂರಿಸಿ, ನೈಲಾನ್ ದಾರದಲ್ಲಿ ಮೊಳೆಗೆ ಇಳಿಬಿಡಿ. ಬೋರ್ಡಿನ ಮಧ್ಯಭಾಗ ನೆಲದಿಂದ ನಾಲ್ಕೂವರೆ ಅಡಿಗೆ ಬಂದರೆ ಎಂಟನೇ ತರಗತಿಯವರಿಗೂ ಮೇಷ್ಟ್ರಿಗೂ ಒಟ್ಟಿಗೆ ಓದಲಾಗುತ್ತದೆ.