ಆಫ್‌ರೋಡ್ ಎಸ್‌ಯುವಿ ಆರಿಸುವುದು ಹೇಗೆ? ಮೊದಲು ಗಾಡಿಯ ಅಡಿಗೆ ತೂರಿ ನೋಡಿ

ಎತ್ತರದ ಬಾನೆಟ್, ದಪ್ಪ ಚಕ್ರ, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ. ಇಷ್ಟು ಕಂಡರೆ ಸಾಕು, ಈ ಗಾಡಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ಜನ ನಂಬಿಬಿಡುತ್ತಾರೆ. ಆಮೇಲೆ ಮೊದಲ ಕೆಸರುಗುಂಡಿಯಲ್ಲಿ ಒಂದು ಚಕ್ರ ಗಿರ್ರನೆ ಸುತ್ತುತ್ತದೆ, ಉಳಿದ ಮೂರು ಸುಮ್ಮನೆ ನಿಂತಿರುತ್ತವೆ. ಇಂಥ ಗಾಡಿಗಳನ್ನು ಎಳೆದು ಹೊರತೆಗೆಯುವಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಓಡಿಸುವವರ ತಪ್ಪು ಇಲ್ಲಿ ಕಡಿಮೆ, ಕೊಳ್ಳುವ ದಿನ ನಡೆದ ತಪ್ಪೇ ಹೆಚ್ಚು. ಎಲ್ಲರೂ ಸೀಟಿನಲ್ಲಿ ಕೂತು ಗಾಡಿ ನೋಡುತ್ತಾರೆ. ನೆಲದ ಮೇಲೆ ಮಲಗಿ ನೋಡುವವರು ಬಹಳ ವಿರಳ.

ನಿಮ್ಮ ಹಾದಿ ಯಾವುದು?

ಮಣ್ಣು ದಾರಿಯೇ, ಮರಳೇ, ಬಂಡೆಗಳ ಏರೇ, ಹಳ್ಳ ದಾಟುವುದೇ? ಎಷ್ಟು ಜನ, ಎಷ್ಟು ಸಾಮಾನು? ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಪರೂಪಕ್ಕೊಮ್ಮೆ ಒಣ ಮಣ್ಣಿನ ದಾರಿಗಿಳಿಯುವವರಿಗೆ ನೆಲದಿಂದ ತುಸು ಎತ್ತರವಿರುವ ಸಾಮಾನ್ಯ ಕಾರೇ ಸಾಕು. ಅವರು ಹೆಚ್ಚಿನ ಹಣ ಸುರಿಯಬೇಕಿಲ್ಲ.

ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ?

ಎಸ್‌ಯುವಿ ಎಂಬ ಹೆಸರು ಯಾವ ಭರವಸೆಯನ್ನೂ ಕೊಡುವುದಿಲ್ಲ. ಆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ತಲುಪುತ್ತದೆ. ಆಲ್ ವೀಲ್ ಡ್ರೈವ್ ಎಂದು ಬರೆದುಕೊಂಡವುಗಳಲ್ಲಿ ಹಲವು, ಮುಂದಿನ ಚಕ್ರ ಜಾರಿದಾಗ ಒಂದು ಕ್ಲಚ್ ಮೂಲಕ ಹಿಂದಕ್ಕೆ ಒಂದಿಷ್ಟು ಶಕ್ತಿ ಕಳಿಸುತ್ತವೆ. ಮಳೆಯ ರಸ್ತೆಗೆ ಅದು ಒಳ್ಳೆಯದೇ. ಆಳವಾದ ಮರಳಿನಲ್ಲಿ ಬಹಳ ಹೊತ್ತು ಹೆಣಗಿದರೆ ಆ ಕ್ಲಚ್ ಕಾದು ಕೈಬಿಡುತ್ತದೆ. ನಿಜವಾದ ಕಚ್ಚಾ ಹಾದಿಗೆ ಬೇಕಾದದ್ದು ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರುಪೆಟ್ಟಿಗೆ) ಮತ್ತು ಲೋ ರೇಂಜ್ ಇರುವ ಫೋರ್ ವೀಲ್ ಡ್ರೈವ್. ಈ ವಿಷಯದಲ್ಲಿ ರಾಜಿ ಬೇಡ.

ಲೋ ರೇಂಜ್ ಹಾಕಿದರೆ ಗಾಡಿಯ ವೇಗ ಇಳಿಯುತ್ತದೆ, ಚಕ್ರಕ್ಕೆ ಸಿಗುವ ತಿರುಚುಬಲ ಅಷ್ಟೇ ಪಟ್ಟು ಏರುತ್ತದೆ. ಸುಜುಕಿ ಜಿಮ್ನಿಯಲ್ಲಿ ಈ ಅನುಪಾತ ಸುಮಾರು 2:1, ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ 4:1. ಬಂಡೆಗಳ ಮೇಲೆ ತೆವಳಲು ದೊಡ್ಡ ಸಂಖ್ಯೆ ಬೇಕು. ಹಗುರ ಗಾಡಿಗೆ, ಕೆಸರಿಗೆ ಚಿಕ್ಕದೂ ನಡೆಯುತ್ತದೆ.

ಇನ್ನೊಂದು ಮಾತು. ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಗುಂಪೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಇರುವ ಆಕ್ಸಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೆ ಅದೇ ಸುತ್ತುತ್ತದೆ, ನೆಲ ಹಿಡಿದಿರುವ ಚಕ್ರ ಕದಲುವುದಿಲ್ಲ. ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ ಈಗ ಹಲವು ಗಾಡಿಗಳಲ್ಲಿದೆ, ಸಾಕಷ್ಟು ಕೆಲಸವನ್ನೂ ಮಾಡುತ್ತದೆ. ಆದರೂ ಸನ್‌ರೂಫ್ ಮತ್ತು ಹಿಂದಿನ ಆಕ್ಸಲ್‌ನ ಡಿಫ್ ಲಾಕ್ ನಡುವೆ ಒಂದನ್ನು ಆರಿಸಬೇಕಾದರೆ ಕಣ್ಣುಮುಚ್ಚಿ ಡಿಫ್ ಲಾಕ್ ಆರಿಸಿ. ಅದು ಎರಡೂ ಚಕ್ರಗಳನ್ನು ಒಟ್ಟಿಗೇ ಸುತ್ತುವಂತೆ ಬಿಗಿಯುತ್ತದೆ.

ಅಳತೆ ಪಟ್ಟಿಯಲ್ಲಿ ಏನು ಓದಬೇಕು?

ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಅಡಿಯವರೆಗಿನ ಎತ್ತರ) ಒಂದನ್ನೇ ಓದಿ ತೃಪ್ತರಾಗಬೇಡಿ. ಬಂಪರ್ ತಾಗದೆ ಹತ್ತುವ ಮುಂಬದಿಯ ಏರುಕೋನ, ಬಂಪರ್ ತಾಗದೆ ಇಳಿಯುವ ಹಿಂಬದಿಯ ಇಳಿಕೋನ, ನಡುಹೊಟ್ಟೆ ದಿಬ್ಬಕ್ಕೆ ತಾಗದೆ ದಾಟುವ ಕೋನ, ಈ ಮೂರನ್ನೂ ಕೇಳಿ. ಜಿಮ್ನಿಯ ಮೂರು ಬಾಗಿಲ ಮಾದರಿ ಮತ್ತು ಐದು ಬಾಗಿಲ ಮಾದರಿ ಎರಡಕ್ಕೂ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್. ಚಕ್ರಗಳ ನಡುವಿನ ದೂರ ಮಾತ್ರ 2250ರಿಂದ 2590 ಮಿಲಿಮೀಟರಿಗೆ ಹೆಚ್ಚಿದೆ. ಅಷ್ಟಕ್ಕೇ ನಡುಹೊಟ್ಟೆಯ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿದಿದೆ. ಉದ್ದದ ಗಾಡಿ ಹೊಟ್ಟೆಯ ಮೇಲೆ ಕೂರುವುದು ಈ ಕಾರಣಕ್ಕೇ. ನನ್ನನ್ನು ಕೇಳಿದರೆ, ಮನೆಮಂದಿ ಹಿಡಿಸುವಷ್ಟರಲ್ಲೇ ಅತಿ ಚಿಕ್ಕದು, ಅತಿ ಹಗುರವಾದದ್ದು ಒಳ್ಳೆಯದು. ಮೂರು ಸಾಲು ಸೀಟಿನ ಭಾರಿ ಗಾಡಿ ಕೆಸರಿನಲ್ಲಿ ಹೂತರೆ ಅದನ್ನು ಎಳೆಯಲು ಅಷ್ಟೇ ಭಾರಿ ಗಾಡಿ ಬರಬೇಕಾಗುತ್ತದೆ.

ಲ್ಯಾಡರ್ ಚಾಸಿ (ಬಾಡಿಯಿಂದ ಬೇರೆಯಾದ, ಏಣಿಯಾಕಾರದ ಉಕ್ಕಿನ ಚೌಕಟ್ಟು) ಇಲ್ಲದ್ದು ಆಫ್‌ರೋಡಿಗೆ ಲಾಯಕ್ಕೇ ಅಲ್ಲ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಹೊಸ ತಲೆಮಾರಿನ ಲ್ಯಾಂಡ್ ರೋವರ್ ಡಿಫೆಂಡರ್‌ಗೆ ಬೇರೆ ಚಾಸಿಯೇ ಇಲ್ಲ. ಏರ್ ಸಸ್ಪೆನ್ಷನ್ ಇರುವ ಮಾದರಿ 900 ಮಿಲಿಮೀಟರ್ ಆಳದ ನೀರನ್ನೂ ದಾಟಬಲ್ಲದು. ಆದರೆ ದೂರದ ಊರಿನ ಸಣ್ಣ ಗ್ಯಾರೇಜಿನಲ್ಲೂ ರಿಪೇರಿ ಆಗಬೇಕೆಂದರೆ ಚಾಸಿ ಇರುವ, ಸ್ಪ್ರಿಂಗಿನ ಸರಳ ಸಸ್ಪೆನ್ಷನ್ನಿನ ಗಾಡಿಯೇ ಮೇಲು.

ಎಂಜಿನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪೇಟೆಯೊಳಗಿನ ಸಣ್ಣ ಸಣ್ಣ ಓಡಾಟವೇ ಹೆಚ್ಚಾದರೆ ಡೀಸೆಲ್ ಬಿಡಿ, ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಭಾರ ಎಳೆಯುವುದಿದ್ದರೆ ಡೀಸೆಲ್ ತೆಗೆದುಕೊಳ್ಳಿ.

ಈಗ ಚಾಪೆ ಹಾಸಿ ಅಡಿಗೆ ತೂರಿ

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅತಿ ಹೆಚ್ಚು ಎಡವುವ ಹಂತ ಇದು. ಹಳೆಯ ಬಟ್ಟೆ, ಟಾರ್ಚ್, ಸಣ್ಣ ಸುತ್ತಿಗೆ ಒಯ್ಯಿರಿ. ಗಾಡಿ ಸಮತಟ್ಟು ನೆಲದಲ್ಲಿ ತನ್ನ ಚಕ್ರಗಳ ಮೇಲೇ ನಿಂತಿರಲಿ, ಎಂಜಿನ್ ಆರಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

ಮೊದಲು ಚಾಸಿ. ಹಿಂದಿನ ಸಸ್ಪೆನ್ಷನ್ ಬಂದು ಸೇರುವ ಜಾಗ, ಅಡ್ಡಪಟ್ಟಿಗಳ ಬೆಸುಗೆ, ನೀರು ಮತ್ತು ಮಣ್ಣು ತಂಗುವ ಮೂಲೆಗಳಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಸಾಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎಂದು ಮಂಕಾಗಿ ಸದ್ದು ಮಾಡುತ್ತದೆ. ಹಳೆಯ ಗಾಡಿಯ ಅಡಿಗೆ ಹೊಚ್ಚ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಎರಡು ಪಟ್ಟು ಎಚ್ಚರ ವಹಿಸಿ. ಅಗ್ಗದ ರಬ್ಬರ್ ಲೇಪನದ ಡಬ್ಬಿಗಳು ಎಲ್ಲ ಕಡೆ ಸಿಗುತ್ತವೆ. ತುಕ್ಕಿನ ಮೇಲೆಯೇ ಹೊಡೆದರೆ ಅವು ತೇವವನ್ನು ಒಳಗೆ ಕೂಡಿಹಾಕಿ ಕೇಡನ್ನು ಬೇಗ ಬೆಳೆಸುತ್ತವೆ. ಕಂಪನಿಯ ಹೆಸರು ದೊಡ್ಡದು ಎಂದು ಈ ಪರೀಕ್ಷೆ ಬಿಡಬೇಡಿ. ಗಟ್ಟಿತನಕ್ಕೆ ಹೆಸರಾದ ಟೊಯೊಟಾ ಕೂಡ ಟಕೋಮ, ಟಂಡ್ರಾ, ಸೆಕೋಯ ಗಾಡಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ 2016ರಲ್ಲಿ ಅಮೆರಿಕದ ಮಾಲೀಕರೊಂದಿಗೆ ರಾಜಿ ಮಾಡಿಕೊಳ್ಳಬೇಕಾಯಿತು.

ಆಮೇಲೆ ಪೆಟ್ಟಿನ ಗುರುತು. ಅಡಿರಕ್ಷಕ ತಗಡಿನಲ್ಲಿ ಗೀರುಗಳಿದ್ದರೆ ಗಾಬರಿ ಬೇಡ, ಅದು ಇರುವುದೇ ಗೀರಿಸಿಕೊಳ್ಳಲು. ಡಿಫರೆನ್ಷಿಯಲ್ ಗುಂಡು, ಚಕ್ರವನ್ನು ಚಾಸಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್, ಸ್ಟಿಯರಿಂಗ್ ರಾಡುಗಳಲ್ಲಿ ಬಾಗು ಅಥವಾ ಹೊಸ ವೆಲ್ಡಿಂಗ್ ಕಂಡರೆ ಮಾತ್ರ ಎದ್ದು ಹೊರಟುಬಿಡಿ. ಮುಂದಿನ ಚಕ್ರಗಳ ಒಳಮೈಯಲ್ಲಿ ಗ್ರೀಸ್ ಸಿಡಿದಿದ್ದರೆ ಆಕ್ಸಲ್‌ನ ರಬ್ಬರ್ ಬೂಟು ಹರಿದಿದೆ ಎಂದರ್ಥ. ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಉದ್ದ ಕೊಳವೆಯಾದ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ, ಕೆಳಕ್ಕೆ ಅಲುಗಿಸಿ. ಜಾಯಿಂಟಿನಲ್ಲಿ ಟಕ್ ಎಂದರೆ ಅದು ಸವೆದಿದೆ.

ಕೊನೆಯದಾಗಿ, ಡಿಫರೆನ್ಷಿಯಲ್‌ನ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಎಣ್ಣೆ ಬೆಳ್ಳಗೆ ಮಬ್ಬಾಗಿದ್ದರೆ ನೀರು ಹೊಕ್ಕಿದೆ, ಗಾಡಿ ಹಳ್ಳದಲ್ಲಿ ನಿಂತಿದ್ದಿರಬಹುದು. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಮಡ್ಡಿ ಅಂಟಿದ್ದರೆ ಸಹಜ, ಲೋಹದ ಚೂರುಗಳಿದ್ದರೆ ಗೇರು ಹಲ್ಲು ಮುರಿಯುತ್ತಿದೆ. ಬಿಚ್ಚಲು ಮಾರುವವರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಲಿ.

ಫೋರ್ ವೀಲ್ ನಿಜವಾಗಿ ಹಿಡಿಯುತ್ತದೆಯೇ?

ಮೀಟರಿನಲ್ಲಿ ದೀಪ ಹೊತ್ತಿದರೆ ಸಾಕು ಎಂದುಕೊಳ್ಳುವುದು ಬಲು ಸಾಮಾನ್ಯವಾದ ತಪ್ಪು. ಎಷ್ಟೋ ಮಾಲೀಕರು ಫೋರ್ ವೀಲ್ ಹಾಕುವ ಲಿವರನ್ನು ವರ್ಷಗಟ್ಟಲೆ ಮುಟ್ಟಿರುವುದಿಲ್ಲ. ಬಳಸದೆ ಬಿಟ್ಟ ಕೀಲುಗಳು ಜಾಮ್ ಆಗಿರುತ್ತವೆ.

ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬೇಡಿ. ಬಯಲಿನ ಜಲ್ಲಿ ಅಥವಾ ಸಡಿಲ ಮಣ್ಣು ಹುಡುಕಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕುವ) ಫೋರ್ ವೀಲ್ ಗಾಡಿಯಲ್ಲಿ ಆ ವ್ಯತ್ಯಾಸ ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ; ಒಣ ಡಾಂಬರಿನಲ್ಲಿ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಟೂ ವೀಲ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಿ. ಬಳಿಕ ಫೋರ್ ಹೈಗೆ (ಲೋ ರೇಂಜ್ ಇಲ್ಲದ ಫೋರ್ ವೀಲ್) ಹಾಕಿ ಅದೇ ಸುತ್ತು ಬನ್ನಿ. ಗಾಡಿ ಹಿಡಿದೆಳೆದಂತೆ ಬಿಗಿಯಾಗಬೇಕು, ಚಕ್ರಗಳು ಜಲ್ಲಿಯನ್ನು ಕೆರೆಯಬೇಕು. ಎರಡು ಸುತ್ತೂ ಒಂದೇ ತರಹ ಇದ್ದರೆ ಮುಂದಿನ ಚಕ್ರಕ್ಕೆ ಶಕ್ತಿ ತಲುಪುತ್ತಿಲ್ಲ. ಸದಾ ಫೋರ್ ವೀಲ್‌ನಲ್ಲೇ ಓಡುವ ಗಾಡಿಯಾದರೆ ಸೆಂಟರ್ ಡಿಫ್ ಲಾಕ್ ಹಾಕಿ ಇದನ್ನೇ ಮಾಡಿ. ದೀಪ ಮಿನುಗುತ್ತಲೇ ಇದ್ದರೆ ಗೇರು ಇನ್ನೂ ಕೂತಿಲ್ಲ.

ಈಗ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಲೋ ರೇಂಜ್ ಹಾಕಿ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟು ಕಾಲನ್ನು ಆಕ್ಸಿಲರೇಟರಿನಿಂದ ದೂರವಿಡಿ. ಗಾಡಿ ಮನುಷ್ಯನ ನಡಿಗೆಗಿಂತ ನಿಧಾನವಾಗಿ ತಾನೇ ಸಾಗಬೇಕು. ಒಂದು ಇಳಿಜಾರಿಗೆ ಒಯ್ದು, ಬ್ರೇಕಿನ ಮೇಲೆ ಕಾಲು ಸಿದ್ಧವಾಗಿಟ್ಟುಕೊಂಡು, ಹಾಗೇ ಇಳಿಯಲು ಬಿಡಿ. ಲೋ ರೇಂಜಿನ ಲಿವರ್ ಹಾರಿ ನ್ಯೂಟ್ರಲ್‌ಗೆ ಬಿದ್ದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಕಡಿದಾದ ಹಾದಿಯಲ್ಲಿ ಇದು ಜೀವಕ್ಕೇ ಅಪಾಯ. ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.

ಟೈರು, ಕೊಕ್ಕೆ

ದೊಡ್ಡ ಅಲಾಯ್, ತೆಳ್ಳನೆ ಟೈರು ಇರುವ ಮಾದರಿ ಬಿಟ್ಟು ಚಿಕ್ಕ ರಿಮ್, ಎತ್ತರದ ಪಕ್ಕೆಯ ಟೈರು ಇರುವುದನ್ನು ಕೊಳ್ಳಿ. ಗಾಳಿ ಇಳಿಸಿದಾಗ ನೆಲಕ್ಕೆ ಹರಡಿಕೊಳ್ಳಲು ಪಕ್ಕೆ ಬೇಕು. ದಿನವೂ ರಸ್ತೆಯಲ್ಲೂ ಓಡುವ ಗಾಡಿಗೆ ಆಲ್ ಟೆರೇನ್ ಟೈರೇ ಸರಿ. ಮಡ್ ಟೆರೇನ್ ಹಾಕಿಸಿಕೊಂಡರೆ ಸದ್ದು ಹೆಚ್ಚು, ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ. ಪಕ್ಕೆಯಲ್ಲಿ ನಾಲ್ಕಂಕಿಯ ಸಂಖ್ಯೆ ಓದಿ: 2423 ಎಂದಿದ್ದರೆ 2023ರ 24ನೆಯ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿ ಪೂರ್ತಿ ಅಳತೆಯದೇ ಇರಲಿ. ಸ್ಪ್ರಿಂಗಿನ ಮೇಲೆ ತುಂಡು ಇಟ್ಟು ಗಾಡಿ ಎತ್ತರಿಸುವ ಅಗ್ಗದ ಕಿಟ್‌ಗಳ ಆಸೆ ಬೇಡ. ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಆಕ್ಸಲ್ ಅಡಿಯ ಅಂತರ ಅದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ, ಮಗುಚುವ ಅಪಾಯ ಮಾತ್ರ ಹೆಚ್ಚುತ್ತದೆ.

ಸಹಿ ಹಾಕುವ ಮುನ್ನ ಮುಂದೆ, ಹಿಂದೆ ಚಾಸಿಗೇ ಬೋಲ್ಟ್ ಮಾಡಿದ ಎಳೆಕೊಕ್ಕೆಗಳಿವೆಯೇ ನೋಡಿ. ಸಾಗಾಟದಲ್ಲಿ ಗಾಡಿ ಕಟ್ಟಿಹಾಕಲು ಇಟ್ಟಿರುವ ತೆಳು ಕಣ್ಣುಗಳು ಬೇರೆ, ಎಳೆಕೊಕ್ಕೆ ಬೇರೆ. ಟ್ರೇಲರ್ ಸಿಕ್ಕಿಸುವ ಉಕ್ಕಿನ ಚೆಂಡಿಗೆ ಹಗ್ಗ ಹಾಕಿ ಹೂತ ಗಾಡಿಯನ್ನು ಎಂದೂ ಎಳೆಯಬೇಡಿ. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಕೊಕ್ಕೆ ಇಲ್ಲದಿದ್ದರೆ, ಆ ಮಾದರಿಗೆಂದೇ ತಯಾರಿಸಿದ, ಎಷ್ಟು ಭಾರ ತಡೆಯುತ್ತದೆಂದು ನಮೂದಿಸಿರುವ ಜೋಡಿಯನ್ನು ಹಾಕಿಸಿಕೊಂಡ ಬಳಿಕವೇ ಗಾಡಿಯನ್ನು ಕಚ್ಚಾ ಹಾದಿಗೆ ಇಳಿಸಿ.