ಕೊಡಗಿನ ಮನೆಗೆ ಬೀಗ ಹಾಕಿ ದುಬೈಗೆ ಬಂದಿರೋ ಹೊಸಬರಿಗೆ

ನಮಸ್ಕಾರ, ಸಂಘಕ್ಕೆ ಸ್ವಾಗತ. ಕೊಡಗಿಂದ ಹೊಸದಾಗಿ ಬರೋ ಸುಮಾರು ಕುಟುಂಬಗಳದ್ದು ಒಂದೇ ಪರಿಸ್ಥಿತಿ. ಎರಡು ಮೂರು ವರ್ಷದ ಪ್ರಾಜೆಕ್ಟ್ ಅಂತ ಇಲ್ಲಿಗೆ ಬಂದಿರ್ತಾರೆ, ಊರಲ್ಲಿ ತೋಟದ ಮನೆ ಇದೆ, ಮೈಸೂರಲ್ಲೋ ಬೆಂಗಳೂರಲ್ಲೋ ಲೋನ್ ಕಟ್ತಿರೋ ಒಂದು ಫ್ಲಾಟ್ ಇದೆ, ಇಲ್ಲಿ ಬಾಡಿಗೆ ಮನೆ. ಇಎಂಐ ಹೋಗ್ತಿರುತ್ತಲ್ಲ, ಅದಕ್ಕೆ ಎಲ್ಲರ ತಲೆಬಿಸಿ ಫ್ಲಾಟ್ ಬಗ್ಗೆನೇ. ಆದ್ರೆ ಫ್ಲಾಟ್ ಒಂದು ವರ್ಷ ಮುಚ್ಚಿಟ್ರೂ ಅಂಥದ್ದೇನೂ ಆಗಲ್ಲ, ಕೊಡಗಿನ ಮನೆ ಹಂಗಲ್ಲ, ಸುಮ್ನೆ ಬೀಗ ಹಾಕಿ ಬಂದ್ರೆ ಅದು ಒಂದು ಮಳೆಗಾಲ ತಡಿಯೋದೂ ಕಷ್ಟ. ಅದಕ್ಕೇ ಮೊದಲು ಅದನ್ನೇ ಹೇಳ್ತೀನಿ.

ಜೂನಲ್ಲಿ ಶುರುವಾದ ಮಳೆ ಸೆಪ್ಟೆಂಬರ್‌ವರೆಗೂ ಇರುತ್ತೆ, ನಿಮಗೆ ಗೊತ್ತಿರೋದೇ. ಮನೇಲಿ ಜನ ಇದ್ದಾಗ ಕಿಟಕಿ ತೆಗೀತಾರೆ, ಒಲೆ ಉರಿಯುತ್ತೆ, ಎಲ್ಲಾದ್ರೂ ಸೋರಿದ್ರೆ ಅವತ್ತೇ ಗೊತ್ತಾಗುತ್ತೆ. ಮುಚ್ಚಿದ ಮನೇಲಿ ಮಂಗ ಒಂದು ಹಂಚು ಸರಿಸಿದ್ರೆ ಸಾಕು, ನಾಲ್ಕು ತಿಂಗಳು ಅದೇ ಜಾಗದಲ್ಲಿ ನೀರು ಬಿದ್ದು ಮರ ಲಡ್ಡಾಗಿ, ಕೆಳಗೆ ಬೀರುಲಿರೋ ರೇಷ್ಮೆ ಸೀರೆವರೆಗೂ ಬೂಷ್ಟು ಬಂದಿರುತ್ತೆ. ಮೇ ತಿಂಗಳು ಮುಗಿಯೋದ್ರೊಳಗೆ ಹಂಚು ಕೈಯಾಡಿಸಿ, ಒಡೆದಿದ್ದನ್ನ ಬದಲಾಯಿಸಿ, ಮಾಡಿನ ದೋಣೀಲಿರೋ ಎಲೆ ತೆಗೆಸಿ, ಮನೆ ಕಡೆ ಬಾಗಿರೋ ಸಿಲ್ವರ್ ಓಕ್ ಕೊಂಬೆ ಕಡಿಸಲೇಬೇಕು, ಜೂನ್ ಬಂದ್ಮೇಲೆ ಎಷ್ಟು ದುಡ್ಡು ಕೊಡ್ತೀನಂದ್ರೂ ಯಾರೂ ಮಾಡು ಹತ್ತಲ್ಲ. ಮಳೆಗಾಲದಲ್ಲಿ ವಾರಕ್ಕೊಂದ್ಸಲ ಯಾರಾದ್ರೂ ಹೋಗಿ ಬಾಗಿಲು ಕಿಟಕಿ ಎಲ್ಲ ತೆಗೆದು, ಅಡುಗೆಮನೆ ಸೌದೆ ಒಲೆಗೆ ಒಂದು ಗಂಟೆ ಬೆಂಕಿ ಹಾಕಿ ಆರಿಸಿ ಬರ್ಲಿ. ಹಳೇ ಮನೆಗಳಿಗೆ ಇದಕ್ಕಿಂತ ಒಳ್ಳೆ ಉಪಾಯ ನಾನು ನೋಡಿಲ್ಲ, ಆ ಹೊಗೆಗೆ ಅಟ್ಟ, ಪಕಾಸಿ ಎಲ್ಲ ಒಣಗುತ್ತೆ, ಗೆದ್ದಲೂ ಕಮ್ಮಿ.

ಆಸ್ತಿ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡ್ ಇಂಥವು ಯಾವುದನ್ನೂ ಬೀಗ ಹಾಕಿದ ಮನೇಲಿ ಬಿಡ್ಬೇಡಿ. 2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೇಲಿ ಓಡಿ ಬಂದ್ರು, ಅವರ ಕಷ್ಟ ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಬ್ಯಾಂಕ್ ಲಾಕರಲ್ಲಿ ಇಡಿ, ಸ್ಕ್ಯಾನ್ ಕಾಪಿ ನಿಮ್ಮ ಹತ್ರ ಇರ್ಲಿ. ಮನೇಲಿ ಕೋವಿ ಇದ್ರೆ ಅದನ್ನೂ ಹಂಗೇ ಬಿಟ್ಟು ಬರೋ ಹಾಗಿಲ್ಲ, ಲೈಸೆನ್ಸ್ ಬೇಡ ಅನ್ನೋ ವಿನಾಯ್ತಿ ಪತ್ರ ಇದ್ರೂ ಅಷ್ಟೇ, ಸ್ಟೇಷನ್‌ಗೆ ಹೋಗಿ ಡೆಪಾಸಿಟ್ ಮಾಡಿ ರಸೀದಿ ತಗೊಳ್ಳಿ.

ಇನ್ನು ನೋಡ್ಕೊಳ್ಳೋರು ಯಾರು ಅನ್ನೋದು. "ದೊಡ್ಡಪ್ಪ ಪಕ್ಕದಲ್ಲೇ ಇದ್ದಾರೆ, ನೋಡ್ಕೋತಾರೆ" ಅಂತ ಬಂದಿರ್ತೀರಿ. ಅವರು ನೋಡ್ಕೋತಾರೆ, ಆದ್ರೆ ದುಡ್ಡಿನ ಮಾತು ಮೊದಲೇ ಆಗದಿದ್ರೆ ಒಂದು ವರ್ಷದಲ್ಲಿ ಸಂಬಂಧ ಹಾಳಾಗುತ್ತೆ, ಅವರು ಕೈಯಿಂದ ಹಾಕಿ ಕೇಳೋಕೆ ನಾಚ್ಕೋತಾರೆ, ನೀವು "ಅವರು ಕೇಳಿಲ್ವಲ್ಲ, ಅಂದ್ರೆ ಖರ್ಚೇ ಇಲ್ಲ" ಅಂತ ಸುಮ್ನಿರ್ತೀರಿ. ತಿಂಗಳಿಗೆ ಇಷ್ಟು ಅಂತ ಅವರ ಅಕೌಂಟಿಗೆ ಹೋಗೋ ಹಾಗೆ ಮಾಡಿ, ಇಷ್ಟರ ಒಳಗಿನ ರಿಪೇರಿಗೆ ನಮ್ಮನ್ನ ಕೇಳ್ಬೇಡಿ, ಮಾಡ್ಸಿಬಿಡಿ ಅಂತ ಹೇಳಿ. ಫೋನಲ್ಲಿ "ಮನೆ ಹೆಂಗಿದೆ" ಅಂದ್ರೆ "ಚೆನ್ನಾಗಿದೆ" ಅಂತಾರೆ, ಅದರ ಬದ್ಲು ವಿಡಿಯೋ ಕಾಲಲ್ಲಿ ಅಟ್ಟ, ಹಿಂದಿನ ಗೋಡೆ, ಪಂಪ್‌ಸೆಟ್ ತೋರಿಸೋಕೆ ಹೇಳಿ. ಚೆಸ್ಕಾಂ ಕರೆಂಟ್ ಬಿಲ್ ನೀವೇ ಆನ್‌ಲೈನಲ್ಲಿ ಕಟ್ಟಬಹುದು, ಅದನ್ನ ಅವರ ತಲೆಗೆ ಕಟ್ಟಬೇಡಿ.

ರಜೆ ವಿಷಯ. ಇಲ್ಲಿನ ಸ್ಕೂಲ್‌ಗಳಿಗೆ ದೊಡ್ಡ ರಜೆ ಜುಲೈ ಆಗಸ್ಟಲ್ಲಿ, ಎಲ್ಲರೂ ಆವಾಗ್ಲೇ ಊರಿಗೆ ಓಡೋದು, ಟಿಕೆಟ್ ರೇಟೂ ಜಾಸ್ತಿ, ಅಲ್ಲಿ ಹೋದ್ರೆ ಬಿಡದ ಮಳೆ, ಕರೆಂಟ್ ಇಲ್ಲ, ಮನೆ ಕೆಲಸ ಒಂದೂ ಆಗಲ್ಲ. ಮಕ್ಕಳಿಗೆ ಅಜ್ಜ ಅಜ್ಜಿ ಜೊತೆ ಇರೋಕೆ ಅದು ಸರಿ. ಆದ್ರೆ ತೋಟ, ಕಾಗದಪತ್ರದ ಕೆಲಸ ಇದ್ರೆ ಡಿಸೆಂಬರ್ ರಜೇಲಿ ಹೋಗಿ, ಅರೇಬಿಕಾ ಕುಯ್ಲು ನಡೀತಿರುತ್ತೆ, ರೊಬಸ್ಟಾಗೆ ಆಳು ಗೊತ್ತು ಮಾಡ್ಬಹುದು, ತಿಥಿ ಕೂಡಿ ಬಂದ್ರೆ ನಮ್ಮ ಸುಗ್ಗಿ ಹಬ್ಬ ಹುತ್ತರಿಯೂ ಸಿಗುತ್ತೆ. ವಿರಾಜಪೇಟೆ ಕಡೆಯವರಿಗೆ 2018ರಲ್ಲಿ ಶುರುವಾದ ಕಣ್ಣೂರು ಏರ್‌ಪೋರ್ಟ್ ತುಂಬಾ ಹತ್ರ, ಮಾಕುಟ್ಟ ಘಾಟಿ ಇಳಿದ್ರೆ ಆಯ್ತು, ಮಳೆಗಾಲದಲ್ಲಿ ಮಾತ್ರ ಆ ರಸ್ತೆ ತೆಗ್ದಿದ್ಯಾ ಅಂತ ಕೇಳ್ಕೊಂಡೇ ಟಿಕೆಟ್ ಮಾಡಿ.

ಕಾಗದದ ಕೆಲಸ ಬೋರ್ ಆದ್ರೂ ದಯವಿಟ್ಟು ಮುಂದಕ್ಕೆ ಹಾಕ್ಬೇಡಿ. ಎರಡೇ ವರ್ಷಕ್ಕೆ ಬಂದಿದ್ರೂ ಕೆಲಸಕ್ಕೆ ಅಂತ ಬಂದ್ಮೇಲೆ ನೀವು ಎನ್‌ಆರ್‌ಐ, ಊರಿನ ಸೇವಿಂಗ್ಸ್ ಅಕೌಂಟನ್ನ ಎನ್‌ಆರ್‌ಒ (ಎನ್‌ಆರ್‌ಐಗಳಿಗೆ ಅಂತ ಇರೋ ರೂಪಾಯಿ ಅಕೌಂಟ್) ಮಾಡಿಸ್ಬೇಕು. ಫ್ಲಾಟ್ ಬಾಡಿಗೆಗೆ ಕೊಟ್ಟಿದ್ರೆ ಬಾಡಿಗೆದಾರರು ಸೆಸ್ ಸೇರಿ ಶೇ 31.2 ಟಿಡಿಎಸ್ (ಮೊದಲೇ ಹಿಡಿಯೋ ತೆರಿಗೆ) ಹಿಡಿದು ಕೊಡ್ಬೇಕು, ನೀವು ರಿಟರ್ನ್ ಹಾಕಿ ಹೆಚ್ಚಾಗಿದ್ದನ್ನ ವಾಪಸ್ ಪಡಿಬಹುದು, ಇದನ್ನ ಅಗ್ರಿಮೆಂಟ್‌ಗೆ ಮುಂಚೆನೇ ಅವರಿಗೆ ತಿಳಿಸಿ. ತೋಟದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಎನ್‌ಆರ್‌ಐ ಆದವರು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಹೊಸದಾಗಿ ಕೊಳ್ಳೋ ಹಾಗಿಲ್ಲ. ಮೊದಲೇ ಇದ್ದಿದ್ದು, ಹಿರಿಯರಿಂದ ಬಂದಿದ್ದು ಇಟ್ಕೋಬಹುದು, ಮಾರೋದಾದ್ರೆ ಭಾರತದಲ್ಲೇ ಇರೋ ಭಾರತೀಯರಿಗೆ ಮಾತ್ರ. ಪಕ್ಕದ ಎರಡು ಎಕರೆ ಮಾರಾಟಕ್ಕಿದೆ, ದುಬೈ ದುಡ್ಡಲ್ಲಿ ತಗೊಳ್ಳೋಣ ಅಂತ ಅಡ್ವಾನ್ಸ್ ಕೊಡೋಕೆ ಮುಂಚೆ ಇದು ನೆನಪಿರ್ಲಿ. ಜಮ್ಮಾ ಜಾಗದಲ್ಲಿ (ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಾಗ) ಪಟ್ಟೆದಾರರ, ಅಂದ್ರೆ ದಾಖಲೇಲಿರೋ ಕುಟುಂಬದ ಹಿರಿಯರ ಹೆಸರು, ಕುಟುಂಬದವರ ಹಕ್ಕು ಎಲ್ಲ ಸೇರ್ಕೊಂಡಿರೋದ್ರಿಂದ ಊರಿಗೆ ಹೋದಾಗ ಪಹಣಿ ತೆಗೆಸಿ ನೋಡಿ, ನಿಮ್ಮ ಸಹಿ ಎಲ್ಲೆಲ್ಲಿ ಬೇಕಾಗ್ಬಹುದು ಅಂತ ಮನೇಲಿ ಕೂತು ಮಾತಾಡಿ. ಪವರ್ ಆಫ್ ಅಟಾರ್ನಿ ಇಲ್ಲಿಂದ ಮಾಡೋದಾದ್ರೆ ಕಾನ್ಸುಲೇಟಲ್ಲಿ ಸಹಿ ಮಾಡಿ ಕಳಿಸಿ, ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸ್ಬೇಕು. ಪೂರ್ತಿ ಅಧಿಕಾರ ಬರೆದು ಕೊಡ್ಬೇಡಿ, ಯಾವ ಕೆಲಸಕ್ಕೋ ಅಷ್ಟಕ್ಕೆ ಮಾತ್ರ.

ದುಬೈ ಮನೆ ಬಗ್ಗೆ ಹೇಳೋದು ಕಮ್ಮಿ. ಇಜಾರಿ (ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ) ಮಾಡಿಸಿ, ಕರೆಂಟ್ ನೀರು ಕೊಡೋ ದೇವಾಗೆ ಡೆಪಾಸಿಟ್ ಫ್ಲಾಟ್‌ಗೆ 2000 ದಿರ್ಹಮ್ ಇಡ್ಬೇಕು. ಬಾಡಿಗೆ ಪೋಸ್ಟ್‌ಡೇಟೆಡ್ ಚೆಕ್‌ಗಳಲ್ಲಿ ಹೋಗುತ್ತೆ, ಪ್ರಾಜೆಕ್ಟ್ ಮಧ್ಯದಲ್ಲೇ ಮುಗಿದ್ರೆ ಎಷ್ಟು ಕಟ್ಟಿ ಬಿಡ್ಬಹುದು ಅನ್ನೋದನ್ನ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ, ಬಾಯಿಮಾತು ಬೇಡ. ಮನೆಯವರಲ್ಲಿ ಒಬ್ರು "ಕುಯ್ಲು ಮುಗಿಸ್ಕೊಂಡೇ ಬರ್ತೀನಿ" ಅಂತ ಊರಲ್ಲಿ ಉಳಿದ್ರೆ ಆರು ತಿಂಗಳು ದಾಟೋದ್ರೊಳಗೆ ವಾಪಸ್ ಬರ್ಬೇಕು, ಇಲ್ದಿದ್ರೆ ಇಲ್ಲಿನ ರೆಸಿಡೆನ್ಸ್ ವೀಸಾ ಕೈತಪ್ಪುತ್ತೆ.

ಕೊನೆಗೆ ಸಿಮ್. ಆಧಾರ್, ಬ್ಯಾಂಕ್ ಎಲ್ಲದರ ಒಟಿಪಿ ಊರಿನ ನಂಬರಿಗೇ ಬರೋದು, 90 ದಿನ ಬಳಸದೇ ಬಿಟ್ರೆ ಆ ನಂಬರ್ ಹೋಗ್ಬಹುದು. ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ತಪ್ಪಿಸ್ಬೇಡಿ, ಆ ಸಿಮ್ ಊರಲ್ಲಿ ಯಾರ ಕೈಗೂ ಕೊಡದೆ ನಿಮ್ಮ ಫೋನಲ್ಲೇ ಹಾಕ್ಕೊಳ್ಳಿ.